ಅಮೆರಿಕಕ್ಕೆ ಓದಲು ಬರುವವರೇ, ಆಫರ್ ಲೆಟರ್ ಪೂರ್ತಿ ಓದಿ

ಪಿಎಚ್‌ಡಿಗೆ ಬರುವವರಿಗೆ, ಅದರಲ್ಲೂ ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ, ಸಾಮಾನ್ಯವಾಗಿ ಫೀಸೂ ಮಾಫಿ, ತಿಂಗಳಿಗಿಷ್ಟು ಅಂತ ಸ್ಟೈಪೆಂಡೂ ಸಿಗುತ್ತದೆ. ಎಂಎಸ್‌ನವರ ಕಥೆ ಬೇರೆ. ಜಾಸ್ತಿ ಜನ ಸಾಲ ಮಾಡಿಕೊಂಡೇ ಬರುತ್ತಾರೆ. "ಹೋದ ಮೇಲೆ ಟಿಎ (ಟೀಚಿಂಗ್ ಅಸಿಸ್ಟೆಂಟ್, ಅಂದರೆ ಪಾಠಕ್ಕೆ ನೆರವಾಗುವ ಸಂಬಳದ ಕೆಲಸ) ಸಿಕ್ಕೇ ಸಿಗುತ್ತೆ" ಅನ್ನುವ ಸೀನಿಯರ್ ಮಾತು ನಂಬಿ ಬ್ಯಾಂಕಿನಲ್ಲಿ ಕಡಿಮೆ ಸಾಲ ಕೇಳಬೇಡಿ. ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಪಡೆಯಲು ಮೊದಲ ವರ್ಷದ ದುಡ್ಡು ತೋರಿಸಿದರೆ ಸಾಕು. ಎರಡನೇ ವರ್ಷದ ಫೀಸಿಗೆ ದಾರಿ ನೀವೇ ನೋಡಿಕೊಳ್ಳಬೇಕಲ್ವಾ?

ಪಿಯುಸಿ ಮುಗಿಸಿ ಡಿಗ್ರಿಗೆ ಬರುವವರಿಗೆ ಇಲ್ಲಿನ ಸರ್ಕಾರದ ನೆರವು ಇಲ್ಲ, ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರಿಗೆ ಅದು ಸಿಗುವುದಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಕಡೆ ಮನೆಯ ಆದಾಯ ನೋಡಿ ತಾವೇ ಕೊಡುತ್ತಾರೆ.

ಈಗ ಆಫರ್ ಲೆಟರ್. "ಟ್ಯೂಷನ್ ವೇವರ್" (ಬೋಧನಾ ಶುಲ್ಕ ಮಾಫಿ) ಅಂತ ಇದ್ದರೆ ಎಲ್ಲವೂ ಮಾಫಿ ಅಂದುಕೊಳ್ಳಬೇಡಿ. ಸ್ಟೂಡೆಂಟ್ ಫೀ, ಹೆಲ್ತ್ ಇನ್ಶೂರೆನ್ಸ್ ಎಷ್ಟೋ ಕಡೆ ನಮ್ಮ ತಲೆಗೇ ಬರುತ್ತವೆ. ಈ ಬಿಲ್ ಸೆಮಿಸ್ಟರ್ ಶುರುವಿನಲ್ಲೇ ಕೈಗೆ ಬರುತ್ತದೆ, ಮೊದಲ ಸಂಬಳ ಬರುವುದು ಆಮೇಲೆ. ಮನೆ ಅಡ್ವಾನ್ಸೂ ಆಗಲೇ ಕಟ್ಟಬೇಕು. ಹಾಗಾಗಿ ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ವಿಮಾನ ಹತ್ತಿ. ಫಂಡಿಂಗ್ ಎಷ್ಟು ವರ್ಷಕ್ಕೆ, ಬೇಸಿಗೆಯಲ್ಲೂ ಇದೆಯಾ ಅಂತ ಡಿಪಾರ್ಟ್‌ಮೆಂಟಿಗೆ ಈಮೇಲ್ ಮಾಡಿ ಕೇಳಿ. ಇದರಲ್ಲಿ ಸಂಕೋಚ ಬೇಡ, ಯಾರೂ ತಪ್ಪು ತಿಳಿಯುವುದಿಲ್ಲ. ಫಂಡಿಂಗ್ ಇರುವ ಎಂಎಸ್, ಪಿಎಚ್‌ಡಿ ಆಫರಿಗೆ ಉತ್ತರ ಕೊಡಲು ಅನೇಕ ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ. ಅವರು ಅವಸರ ಮಾಡಿದರೆ ಆ ದಿನಾಂಕ ನೆನಪಿಸಿ.

ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಲೈಬ್ರರಿ, ಡೈನಿಂಗ್ ಹಾಲ್, ಯಾವುದಾದರೂ ಸರಿ. ಹೊರಗಿನ ಅಂಗಡಿಯಲ್ಲಿ ಕ್ಯಾಶ್‌ಗೆ ಕೆಲಸ ಮಾತ್ರ ಖಂಡಿತ ಬೇಡ. ಸಿಕ್ಕಿಬಿದ್ದರೆ ವೀಸಾ ಸ್ಟೇಟಸ್ಸೇ ಹೋಗುತ್ತದೆ.

ಸಂಬಳ ಬಂದ ಮೇಲೆ ಟ್ಯಾಕ್ಸ್. ನಮ್ಮವರು ತುಂಬಾ ಜನ ದುಡ್ಡು ಬಿಟ್ಟುಕೊಡುವುದು ಇಲ್ಲೇ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಭಾರತದ ವಿದ್ಯಾರ್ಥಿಗಳು 1040-ಎನ್‌ಆರ್ ಅನ್ನುವ ವಿದೇಶಿಯರ ಟ್ಯಾಕ್ಸ್ ಫಾರ್ಮಿನಲ್ಲೂ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ಟ್ಯಾಕ್ಸ್ ಲೆಕ್ಕಕ್ಕೆ ಬಾರದ ನಿಗದಿತ ಮೊತ್ತ) ಪಡೆಯಬಹುದು. ಮದುವೆಯಾಗದವರಿಗೆ 2024ರ ಆದಾಯಕ್ಕೆ ಅದು 14,600 ಡಾಲರ್ ಇತ್ತು. ಪೇ ಸ್ಲಿಪ್ ಕೂಡ ನೋಡಿ. ಎಫ್-1ನವರಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ (ಇಲ್ಲಿನ ಪಿಂಚಣಿ, ವೃದ್ಧರ ಆರೋಗ್ಯ ವಿಮೆಯ ತೆರಿಗೆ) ಕಡಿತ ಇರುವುದಿಲ್ಲ. ಕಡಿತ ಮಾಡಿದ್ದರೆ ಮೊದಲು ಪೇರೋಲ್ ಆಫೀಸಿಗೆ ಹೋಗಿ ವಾಪಸ್ ಕೇಳಿ.