ಒಂಬತ್ತಕ್ಕೆ ಫೋನ್ ಕೆಳಗಿಡಿಸುವುದು ಹೇಗೆ?

ಹೋದ ವರ್ಷ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ರಾತ್ರಿ ಊಟ ಅಂದರೆ ಜಗಳವೇ. ಹನ್ನೆರಡು ವರ್ಷದ ಮಗ ಫೋನ್ ಬಿಡುತ್ತಿರಲಿಲ್ಲ. 'ಐದ ನಿಮಿಷ ತಡಿ ಬೇ' ಅನ್ನುತ್ತಿದ್ದ. ರೊಟ್ಟಿ ಆರಿ ಸೆಟೆದುಕೊಂಡರೂ ಆ ಐದು ನಿಮಿಷ ಮುಗಿಯುತ್ತಿರಲಿಲ್ಲ. ನಾನು ಕಸಿದುಕೊಂಡರೆ ಅಳು, ಕೂಗಾಟ. ಕೊನೆಗೆ ಬೇಸತ್ತು 'ನೋಡ್ಕೋತ ಉಣ್ಣು' ಅಂತ ನಾನೇ ವಾಪಸ್ ಕೊಡುತ್ತಿದ್ದೆ. ತಪ್ಪು ಅಲ್ಲೇ ಇತ್ತು. ಅತ್ತರೆ ಫೋನ್ ಸಿಗುತ್ತದೆ ಅಂತ ದಿನಾ ಕಲಿಸಿದವಳು ನಾನು.

ಒಂದು ನಡತೆಯ ಬೆನ್ನಿಗೇ ಏನು ಸಿಗುತ್ತದೆ ಅನ್ನುವುದರ ಮೇಲೆ ಆ ನಡತೆ ಬೆಳೆಯುತ್ತದೆ, ಇಲ್ಲವೇ ಬಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಹಿಡಿಕೆ ಒತ್ತಿದಾಗ ತಿನ್ನಲು ಸಿಕ್ಕರೆ ಇಲಿ ಮತ್ತೆ ಮತ್ತೆ ಒತ್ತುತ್ತದೆ. ಮಕ್ಕಳು ಇಲಿಗಳಲ್ಲ. ಅದಕ್ಕೇ ಏನು ಮಾಡುತ್ತಿದ್ದೀರಿ ಅಂತ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಯೇ ಶುರುಮಾಡಿ.

ಮೊದಲು ಒಂದೇ ಒಂದು ನಡತೆ ಆರಿಸಿ. 'ಶಾಣ್ಯಾ ಆಗು' ಅಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. 'ರಾತ್ರಿ 9ಕ್ಕೆ ಫೋನ್ ಫ್ರಿಜ್ ಮೇಲೆ' ಅಂದರೆ ತಿಳಿಯುತ್ತದೆ.

ಆಮೇಲೆ ಒಂದು ವಾರ ಬೈಯದೆ ಸುಮ್ನೆ ಎಣಿಸಿ. ಎಷ್ಟು ಸಲ ಹೇಳಬೇಕಾಯಿತೋ ಅಷ್ಟು ಗೆರೆಗಳನ್ನು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಎಳೆಯಿರಿ. ಜಗಳಕ್ಕೆ ಮುಂಚೆ ಏನು ನಡೆದಿತ್ತು, ಆಮೇಲೆ ಮಗುವಿಗೆ ಏನು ಸಿಕ್ಕಿತು, ಅದನ್ನೂ ಬರೆಯಿರಿ. ನಮ್ಮಲ್ಲಿ ಟ್ಯೂಷನ್ ಮುಗಿಸಿ ತಡವಾಗಿ ಬಂದ ದಿನವೇ ಗೆರೆ ಜಾಸ್ತಿ ಇದ್ದವು. ಹಸಿದಿರುತ್ತಿದ್ದ. ಬಂದ ಕೂಡಲೇ ಒಂದು ತಟ್ಟೆ ಒಗ್ಗರಣೆ ಚುರುಮುರಿ ಇಟ್ಟೆ. ಅರ್ಧ ಗಲಾಟೆ ಅಷ್ಟಕ್ಕೇ ಇಳಿಯಿತು.

ಎರಡನೇ ವಾರದಿಂದ, ಹೇಳಿದ ಹಾಗೆ ಫೋನ್ ಇಟ್ಟ ದಿನಕ್ಕೊಂದು ಗುರುತು ಕ್ಯಾಲೆಂಡರಿನಲ್ಲಿ ಹಾಕಿ. ಇಷ್ಟು ಗುರುತಿಗೆ ಬಹುಮಾನ ಏನು ಅಂತ ಮಗುವನ್ನೇ ಕೇಳಿ. ನಮ್ಮವನು ಐದು ಗುರುತಿಗೆ ಗಿರಮಿಟ್-ಮಿರ್ಚಿ, ಹತ್ತಾದರೆ ಅಪ್ಪನ ಜೊತೆ ಉಣಕಲ್ ಕೆರೆಗೆ ಹೋಗಬೇಕು ಅಂದ. ಗುರುತಿಗಿಂತ ಮುಖ್ಯವಾದದ್ದು ಬಾಯಿಮಾತು. ಅದು ಆ ಕ್ಷಣದಲ್ಲೇ ಬರಬೇಕು, ಏನು ಮಾಡಿದ್ದಕ್ಕೆ ಅಂತ ಬಿಡಿಸಿ ಹೇಳಬೇಕು: 'ನಾ ಹೇಳೂದ್ರಾಗ ನೀನ ಫೋನ್ ಇಟ್ಟಿ ನೋಡು, ನಂಗ ಭಾಳ ಛೊಲೊ ಅನಸ್ತು.' ಒಮ್ಮೆ ಗಳಿಸಿದ ಗುರುತನ್ನು ಬೇರೆ ತಪ್ಪಿಗಾಗಿ ಅಳಿಸಬೇಡಿ. ಮಗು ನಿಮ್ಮ ಮಾತನ್ನೇ ನಂಬದ ಹಾಗೆ ಆಗುತ್ತದೆ.

ಇನ್ನು ಕಷ್ಟದ ಭಾಗ. ಅತ್ತಾಗ ಕೊಡುವುದನ್ನು ನಿಲ್ಲಿಸಿದರೆ ಅಳು ಕಡಿಮೆಯಾಗುವ ಮುಂಚೆ ಜಾಸ್ತಿ ಆಗಬಹುದು. ನಾಲ್ಕನೇ ರಾತ್ರಿ ಮಗ ತಟ್ಟೆ ನೂಕಿದ. ಪಲ್ಯ ನೆಲಕ್ಕೆ ಬಿತ್ತು. ನಮ್ಮ ಅತ್ತೆ 'ಕೊಟ್ಟ ಬಿಡವಾ, ಕೂಸು ಉಪವಾಸ ಮಲಗ್ತೈತಿ' ಅಂದರು. ನನ್ನ ಕೈ ಫ್ರಿಜ್ ಕಡೆ ಹೋಗಿತ್ತು. ಅವತ್ತು ಕೊಟ್ಟಿದ್ದರೆ ತಟ್ಟೆ ನೂಕಿದರೆ ಫೋನ್ ಸಿಗುತ್ತದೆ ಅಂತ ಕಲಿಯುತ್ತಿದ್ದ, ಅಲ್ವಾ? ಒಮ್ಮೆ ಕೊಟ್ಟು ಒಮ್ಮೆ ಬಿಟ್ಟರೆ ಇನ್ನೂ ಕಷ್ಟ. ಇವತ್ತು ಸಿಗಬಹುದು ಅನ್ನುವ ಆಸೆಯಿಂದಲೇ ಹಟ ಗಟ್ಟಿಯಾಗುತ್ತದೆ. ಆದ್ದರಿಂದ ಶುರುಮಾಡುವ ಮುಂಚೆಯೇ ಅಜ್ಜ-ಅಜ್ಜಿ ಸಹಿತ ಎಲ್ಲರೂ ಒಂದೇ ಮಾತಿಗೆ ಬನ್ನಿ. ಅಳುವಾಗ ಉಪದೇಶ ಬೇಡ, ಬೈಗುಳವೂ ಬೇಡ. ಅದೂ ಒಂದು ಗಮನವೇ. ಆದರೆ ಮಗು ತನಗೋ ಬೇರೆಯವರಿಗೋ ಪೆಟ್ಟು ಮಾಡುವ ಹಾಗಿದ್ದರೆ ಕೂಡಲೇ ತಡೆಯಿರಿ.

ಹೊಡೆಯಬೇಡಿ. ಹೊಡೆತ ಬಿದ್ದಾಗ ಮಗು ಸುಮ್ಮನಾಗುತ್ತದೆ, ಮುಂದಿನ ಸಲ ಮುಚ್ಚಿಟ್ಟು ಮಾಡುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಮನೆಯಲ್ಲೂ ಮಗು ಅದೇ ಮಗು.

ಅಭ್ಯಾಸ ಕೂತ ಮೇಲೆ ಬಹುಮಾನವನ್ನು ಒಮ್ಮೆಗೇ ನಿಲ್ಲಿಸಬೇಡಿ, ಅಂತರ ಹೆಚ್ಚಿಸಿ. ಐದು ಗುರುತಿನ ಜಾಗದಲ್ಲಿ ಎಂಟು, ಆಮೇಲೆ ಹದಿನೈದು. ಮೆಚ್ಚುಗೆಯ ಮಾತನ್ನು ಮಾತ್ರ ಬಿಡಬೇಡಿ.

ವಾರಗಟ್ಟಲೆ ಮಂಕಾಗಿದ್ದರೆ, ಶಾಲೆಗೇ ಹೋಗದಿದ್ದರೆ, ಸಾಯುವ ಮಾತಾಡಿದರೆ ಕ್ಯಾಲೆಂಡರ್ ನೆಚ್ಚಿಕೊಂಡು ಕೂರಬೇಡಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿ ಎಷ್ಟೊತ್ತಿಗಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.