ಕುಂಡದಲ್ಲಿ ತುಂಬೆ: ನನ್ನ ಅನುಭವ

ಬೇಲಿಯ ಬದಿಯಿಂದ ಹೂಬಿಟ್ಟ ತುಂಬೆಯನ್ನು ಕಿತ್ತು ತಂದು ನೆಟ್ಟರೆ ಉಳಿಯುವುದು ಅಪರೂಪ. ಒಂದೇ ವರ್ಷದೊಳಗೆ ಹುಟ್ಟಿ, ಹೂಬಿಟ್ಟು, ಒಣಗುವ ಗಿಡವಿದು. ಬೀಜದಿಂದಲೇ ಬೆಳೆಸಬೇಕು.

ಗೆಣ್ಣಿನ ಸುತ್ತ ಗುಂಪಾಗಿರುವ ಹಸಿರು ಕುಪ್ಪಿಗಳು (ಬಿಳಿ ಹೂ ಕೂತಿರುವ ಬುಡದ ಬಟ್ಟಲು) ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಬೀಜ ಬಲಿತಿರುತ್ತದೆ. ಒಂದು ಕುಪ್ಪಿಯ ತಳದಲ್ಲಿ ಹೆಚ್ಚೆಂದರೆ 4 ಕಂದು ಬೀಜ. ಗಿಡ ಬಗ್ಗಿದರೆ ಚೆಲ್ಲಿಹೋಗುತ್ತವೆ. ಹಾಗಾಗಿ ಮೊದಲು ಕಾಗದದ ಚೀಲ ತೊಡಿಸಿ, ಆಮೇಲೆ ಕಾಂಡ ಕತ್ತರಿಸುತ್ತೇನೆ.

10 ಇಂಚಿನ ಕುಂಡಕ್ಕೆ ಕೆಮ್ಮಣ್ಣು 2 ಪಾಲು, ಮರಳು 1 ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು ಸಾಕು. ಗುಲಾಬಿಗೆ ಹಾಕಿದಂತೆ ಗೊಬ್ಬರ ಸುರಿದರೆ ಎಲೆ ಸೊಂಪಾಗಿ ಬರುತ್ತದೆ, ಹೂ ಕಡಿಮೆಯಾಗುತ್ತದೆ. ಒಂದು ಚಿಟಿಕೆ ಬೀಜವನ್ನು ಒಂದು ಹಿಡಿ ಒಣ ಮರಳಿನಲ್ಲಿ ಕಲಸಿ ಮೇಲೆಯೇ ಎರಚಿ, ಅಂಗೈಯಿಂದ ಒತ್ತಿದರಾಯಿತು. ಮಣ್ಣು ಮುಚ್ಚುವುದಿಲ್ಲ. ಜೋರು ಮಳೆ ಬಿದ್ದರೆ ಬೀಜವೆಲ್ಲ ಕುಂಡದ ಅಂಚಿಗೆ ಸರಿದು ಅಲ್ಲೇ ಗುಂಪಾಗಿ ಮೊಳೆಯುತ್ತದೆ. ಅದನ್ನು ತಡೆಯಲು ಮೊಳಕೆ ಕಾಣುವವರೆಗೆ ತೆಳ್ಳಗೆ ರಾಗಿ ಹುಲ್ಲು ಹರಡಬೇಕು. ನೀರು ಸ್ಪ್ರೇಯರ್‌ನಿಂದಷ್ಟೇ. ಮಣ್ಣು ಸದಾ ಜವುಗಾಗಿದ್ದರೆ ಸಸಿ ಬುಡದಲ್ಲೇ ಕೊಳೆತು ಮಲಗಿಬಿಡುತ್ತದೆ.

ಕಳೆ ಕೀಳುವಾಗ ತುಂಬೆಯೂ ಹೋಗುವುದುಂಟು. ಎದುರುಬದುರು ಎಲೆ, ಮುಟ್ಟಿದರೆ ಒರಟು, ಬೆರಳಲ್ಲಿ ಉರುಳಿಸಿದರೆ ನಾಲ್ಕು ಮೂಲೆ ಸಿಗುವ ಕಾಂಡ: ಇವು ಗುರುತು. 4 ಎಲೆಯಾದಾಗ ಕುಂಡಕ್ಕೆ 3 ಸಸಿ ಉಳಿಸುತ್ತೇನೆ, ಅರ್ಧ ಅಡಿಯಾದಾಗ ತುದಿ ಚಿವುಟುತ್ತೇನೆ. ಕವಲು ಹೆಚ್ಚಿದಷ್ಟೂ ಹೂಗುಂಪು ಹೆಚ್ಚು. ದಿನಕ್ಕೆ 5–6 ಗಂಟೆ ಬಿಸಿಲು ಸಿಗದಿದ್ದರೆ ಗಿಡ ಸೊರಗಿ ಉದ್ದವಾಗುತ್ತದೆ.

ಮೊದಲ ಬಿತ್ತನೆ ಮುಂಗಾರಿನಲ್ಲಿ. ಶಿವರಾತ್ರಿಗೆ ಹೂ ಬೇಕೆಂದು ನವೆಂಬರ್ ಕೊನೆಯಲ್ಲಿ ಇನ್ನೊಂದು ಕುಂಡ ಬಿತ್ತುತ್ತೇನೆ.

ಪೂಜೆಗೆ ಹೂ ಬಿಡಿಸುವವರು ಒಂದು ವಿಷಯ ಗಮನಿಸಲೇಬೇಕು. ತುಂಬೆಯ ಕೇಸರಗಳು ಬಿಳಿ ಎಸಳಿನ ಕೊಳವೆಗೇ ಅಂಟಿಕೊಂಡಿವೆ. ಹೂ ಎಳೆದರೆ ಪರಾಗವೂ ಜೊತೆಗೇ ಬರುತ್ತದೆ. ಜೇನ್ನೊಣ ಬರುವ ಮುನ್ನ, ನಸುಕಿನಲ್ಲೇ ಎಲ್ಲವನ್ನೂ ಬಿಡಿಸಿದರೆ ಕುಪ್ಪಿ ಹಸಿರಾಗಿ ಉಳಿದರೂ ಒಳಗೆ ಜಳ್ಳು. ಅದಕ್ಕೇ ಎರಡು ಗಿಡಗಳಿಗೆ ಕೆಂಪು ದಾರ ಕಟ್ಟಿರುತ್ತೇನೆ, ಅವುಗಳ ಹೂವನ್ನು ಯಾರೂ ಮುಟ್ಟುವಂತಿಲ್ಲ.