ಹಾಕಿ ತಂಡವನ್ನು ಅಳೆಯುವ ಬಗೆ: ಹರಾಜು, ಮೈದಾನ, ಜೆರ್ಸಿ ಸಂಖ್ಯೆ

ಹಾಕಿ ಇಂಡಿಯಾ ಲೀಗ್‌ನ ಹರಾಜು ಮುಗಿದ ಮರುದಿನ ಬೆಳಗಾವಿಯ ಟಿಳಕವಾಡಿಯ ಚಹಾದಂಗಡಿಯಲ್ಲಿ ನಾವು ನಾಲ್ಕು ಮಂದಿ ಸೇರಿದರೆ, ಯಾರು ಎಷ್ಟು ಲಕ್ಷಕ್ಕೆ ಹೋದರು ಎಂಬುದರಿಂದಲೇ ಮಾತು ಶುರುವಾಗುತ್ತದೆ. ತಂಡದ ಆಯ್ಕೆ ಸರಿಯೋ ತಪ್ಪೋ ಎಂದು ತೀರ್ಮಾನಿಸಬೇಕಾದವರು ಬೆಲೆಯನ್ನು ಕೊನೆಗೆ ನೋಡಬೇಕು. ಮೊದಲು ನೋಡಬೇಕಾದದ್ದು, ಆ ತಂಡದ ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿಯ ತಪ್ಪಿಗೆ ಗೋಲುಗೆರೆಯಿಂದ ಚೆಂಡು ತಳ್ಳಿ ಗೋಲಿಗೆ ಯತ್ನಿಸುವ ಅವಕಾಶ, ಯಾರ ಕೈಯಲ್ಲಿದೆ ಎಂಬುದನ್ನು.

2024ರ ಅಕ್ಟೋಬರ್ ಹರಾಜಿನಲ್ಲಿ ಸೂರ್ಮಾ ತಂಡವು ಪೆನಾಲ್ಟಿ ಕಾರ್ನರ್ ಪರಿಣತ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ 78 ಲಕ್ಷ ರೂಪಾಯಿ ಕೊಟ್ಟಿತು. ಪುರುಷರ ತಂಡವೊಂದಕ್ಕೆ ಇದ್ದ ಒಟ್ಟು ಮಿತಿ 4 ಕೋಟಿಯಾದ್ದರಿಂದ, 24 ಆಟಗಾರರಿಗೆ ಹಂಚಬೇಕಾದ ಹಣದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಒಬ್ಬರಿಗೇ ಹೋಯಿತು. ನನ್ನ ಲೆಕ್ಕದಲ್ಲಿ ಅದು ದುಬಾರಿಯಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹೊಡೆತವನ್ನು ಸ್ಟಿಕ್ ಬೀಸಿ ಹೊಡೆದರೆ, ಗೋಲಿನ ಗೆರೆ ದಾಟುವಾಗ ಚೆಂಡು 46 ಸೆಂಟಿಮೀಟರ್‌ಗಿಂತ ಮೇಲಿರಕೂಡದು; ಚೆಂಡನ್ನು ಸ್ಟಿಕ್ಕಿನಿಂದ ಎಳೆದುಕೊಂಡು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಆ ಕಟ್ಟುಪಾಡಿಲ್ಲ. ಗೋಲಿನ ಎತ್ತರ 2.14 ಮೀಟರ್ ಇರುವಾಗ, ಅದರ ಮೂಲೆಮೂಲೆಗೂ ಚೆಂಡನ್ನು ಎತ್ತಿ ಕಳಿಸಬಲ್ಲ ಆಟಗಾರನ ಬೆಲೆ ಏನೆಂಬುದು ಅಲ್ಲೇ ತಿಳಿಯುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹರ್ಮನ್‌ಪ್ರೀತ್ 10 ಗೋಲು ಗಳಿಸಿದ್ದರು.

ಆದರೆ ಫ್ಲಿಕ್ ಮಾಡುವವರನ್ನು ಮಾತ್ರ ನೋಡಿ ನಿರ್ಧರಿಸಬೇಡಿ. ಮುಂದಿನ ಪಂದ್ಯದಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಚೆಂಡು ತಡೆಯುವ ಆಟಗಾರನ ಸ್ಟಿಕ್ಕಿನ ಮೇಲೆ ಕಣ್ಣಿಡಿ. ಗೋಲಿನ ಮುಂದಿನ ಅರ್ಧವೃತ್ತವಾದ ಡಿ ವಲಯದ ಹೊರಗೆ ಆತ ಮೊಣಕಾಲು ಬಗ್ಗಿಸಿ, ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ಕಾಯುತ್ತಿರುತ್ತಾನೆ. ಗೋಲುಗೆರೆಯಿಂದ ರಭಸವಾಗಿ ಬಂದ ಚೆಂಡು ಆ ಸ್ಟಿಕ್ಕಿಗೆ ತಾಗಿ ಅಲ್ಲೇ ಸತ್ತು ನಿಲ್ಲಬೇಕು. ಅರ್ಧ ಅಡಿ ಪುಟಿದರೂ ಎದುರಾಳಿ ಓಟಗಾರ ಬಂದು ಮುಟ್ಟಿರುತ್ತಾನೆ. ದೊಡ್ಡ ಫ್ಲಿಕ್ಕರನ್ನು ಕೊಂಡು, ಚೆಂಡು ತಳ್ಳುವವನನ್ನೂ ತಡೆಯುವವನನ್ನೂ ಮರೆತ ತಂಡವು ಹಣವನ್ನು ನೀರಿಗೆ ಹಾಕಿದಂತೆಯೇ. ಅದಾದ ಮೇಲೆ, 24 ಮಂದಿಯಲ್ಲಿ ಇರಲೇಬೇಕೆಂದು ನಿಯಮವಿದ್ದ ನಾಲ್ವರು ಭಾರತೀಯ ಜೂನಿಯರ್‌ಗಳು ನಿಜವಾಗಿ ಎಷ್ಟು ನಿಮಿಷ ಮೈದಾನದಲ್ಲಿರುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಆಡಳಿತದ ಮನಸ್ಸು ಅದರಲ್ಲಿ ಗೊತ್ತಾಗುತ್ತದೆ.

ಮೈದಾನದ ವಿಷಯದಲ್ಲಿ ಆಸನಗಳ ಸಂಖ್ಯೆಗೆ ಮರುಳಾಗಬಾರದು. ರೂರ್ಕೆಲಾದ ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲಿ ಸುಮಾರು 20,000 ಮಂದಿ ಕೂರಬಹುದು, ಅದು ಹೆಮ್ಮೆಯ ಮಾತೇ. ಆದರೆ 2024-25ರ ಲೀಗ್ ಆ ಊರು ಮತ್ತು ರಾಂಚಿ ಎರಡರಲ್ಲೇ ಮುಗಿದುದರಿಂದ, ಬಹುತೇಕ ತಂಡಗಳಿಗೆ ತಮ್ಮೂರಿನ ಜನರ ಮುಂದೆ ಆಡುವ ಭಾಗ್ಯವೇ ಸಿಗಲಿಲ್ಲ. ಕರ್ನಾಟಕದ ತಂಡವಂತೂ ಆ ಲೀಗ್‌ನಲ್ಲಿ ಇರಲೇ ಇಲ್ಲ. ಕೊಡಗಿನಂಥ ಹಾಕಿಯ ನಾಡನ್ನು ಇಟ್ಟುಕೊಂಡ ರಾಜ್ಯಕ್ಕೆ ಇದು ಸಲ್ಲದು ಎಂದು ನಾನು ಈಗಲೂ ವಾದಿಸುತ್ತೇನೆ.

ಬೆಳಗಾವಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿ ಪಂದ್ಯ ನೋಡುವುದಾದರೆ, ಆಟಕ್ಕೆ ಅರ್ಧ ಗಂಟೆ ಮೊದಲೇ ಒಳಗೆ ಹೋಗಿ ಟರ್ಫಿಗೆ, ಅಂದರೆ ಕೃತಕ ಹುಲ್ಲಿನ ಮೈದಾನಕ್ಕೆ, ನೀರು ಹಾಯಿಸುವುದನ್ನು ಗಮನಿಸಿ. ನೀರು ಒಂದೇ ಸಮ ಬೀಳದಿದ್ದರೆ ಒಣಗಿದ ಭಾಗದಲ್ಲಿ ಚೆಂಡು ನಿಧಾನವಾಗುತ್ತದೆ, ಪಾಸ್ ಎಣಿಕೆಯಂತೆ ತಲುಪುವುದಿಲ್ಲ. ಕೆಂಪು ಮಣ್ಣಿನ ಮೈದಾನದಲ್ಲಿ ಆಡಿ ಬೆಳೆದ ನನ್ನಂಥವರಿಗೆ ಈ ವ್ಯತ್ಯಾಸ ಬೇಗ ಕಾಣುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲು ಬಂದಾಗ ಭಾರತ ಏಳನೇ ಸ್ಥಾನಕ್ಕೆ ಇಳಿದದ್ದು ಸುಮ್ಮನೆ ಅಲ್ಲ. ಕೂರಲು ಗೋಲಿನ ಹಿಂಬದಿಯ ಮೇಲಿನ ಸಾಲುಗಳನ್ನೇ ಆರಿಸಿಕೊಳ್ಳಿ, ಆಟಗಾರರ ನಡುವಿನ ಜಾಗ ತೆರೆದುಕೊಳ್ಳುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಜೆರ್ಸಿ ಸಂಖ್ಯೆಯನ್ನು ನಿವೃತ್ತಿಗೊಳಿಸುವ, ಅಂದರೆ ಒಬ್ಬ ಆಟಗಾರನ ಗೌರವಾರ್ಥ ಅದನ್ನು ಮತ್ತಾರಿಗೂ ಕೊಡದಿರುವ, ಬಗ್ಗೆ ಮಾತಾಡುವಾಗ ಗೋಲು, ಪದಕಗಳ ಎಣಿಕೆ ಸಾಲದು. ಆ ಆಟಗಾರ ಬಂದ ಮೇಲೆ ಆ ಸ್ಥಾನದ ಅರ್ಥ ಬದಲಾಯಿತೇ ಎಂದು ಕೇಳಿಕೊಳ್ಳಬೇಕು. ಪ್ಯಾರಿಸ್‌ನಲ್ಲಿ ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರಹೋದ ಬಳಿಕ ಹತ್ತೇ ಮಂದಿಯ ತಂಡವನ್ನು ಶೂಟೌಟ್‌ವರೆಗೆ ತಂದು ಗೆಲ್ಲಿಸುವಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಅವರ ಪಾತ್ರ ನೋಡಿದವರಿಗೆ, 2024ರಲ್ಲಿ ಹಿರಿಯರ ತಂಡದಲ್ಲಿ ಅವರ 16ನೇ ಸಂಖ್ಯೆಗೆ ವಿದಾಯ ಹೇಳಿದ್ದು ಸರಿಯೆನಿಸಿರುತ್ತದೆ. ಜೂನಿಯರ್ ತಂಡದಲ್ಲಿ ಆ ಸಂಖ್ಯೆಯನ್ನು ಉಳಿಸಿದ್ದು ಅದಕ್ಕಿಂತಲೂ ಒಳ್ಳೆಯ ನಿರ್ಧಾರ. ಅದೇ ವರ್ಷ ರಾಣಿ ರಾಂಪಾಲ್ ಅವರ 28ಕ್ಕೂ ಆ ಗೌರವ ಸಂದಿತು. ಟೋಕಿಯೊದಲ್ಲಿ ನಾಲ್ಕನೇ ಸ್ಥಾನ ಪಡೆದ ಮಹಿಳಾ ತಂಡದ ನಾಯಕಿಗೆ ಅದು ಸಲ್ಲಲೇಬೇಕಿತ್ತು.

ಆದರೆ ಪ್ರತಿ ವರ್ಷ ಒಂದೊಂದು ಸಂಖ್ಯೆಯನ್ನು ತೆಗೆದಿಡುತ್ತ ಹೋದರೆ ಗೌರವದ ತೂಕ ಇಳಿಯುತ್ತದೆ. ಊರಿನ ಕ್ಲಬ್ಬುಗಳು ಇದನ್ನು ಅನುಕರಿಸಬಾರದು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಯೋಧ ಶಂಕರ್ ಲಕ್ಷ್ಮಣ್ 1956, 1960, 1964ರ ಮೂರು ಒಲಿಂಪಿಕ್ಸ್‌ಗಳಲ್ಲಿ ಗೋಲು ಕಾಯ್ದವರು. ಅವರ ಹೆಸರನ್ನು ನಿಮ್ಮ ಕ್ಲಬ್ಬಿನ ಗೋಲ್‌ಕೀಪರ್ ಜೆರ್ಸಿಯ ಒಳಪಟ್ಟಿಯ ಮೇಲೆ ಹೊಲಿಸಿ, ಅದನ್ನು ತೊಡುವ ಹುಡುಗನಿಗೆ ಅವರು ಯಾರೆಂದು ಮೊದಲ ದಿನವೇ ತಿಳಿಸಿ.